ಮನಸ್ಸು ಮಾಡಿದ್ರೆ ಮಾಡ್ತಾಳೆ

ಹಾಲು ಉಕ್ಕುವುದನ್ನು ಕಾಯುತ್ತ ನಿಂತರೆ ಅದು ಉಕ್ಕುವುದೇ ಇಲ್ಲ. ಒಂದು ಗಳಿಗೆ ಅತ್ತ ತಿರುಗಿದಿರೋ, ಒಲೆಯ ತುಂಬ ಹಾಲು. ಇದು ಎಲ್ಲರ ಮನೆಯ ಕಥೆ. ಆದರೆ ಕೆಲವರ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಇದೇ ಕಥೆ. ಬರ್ನರಿನ ತೂತುಗಳಲ್ಲಿ ಕರಕಲು ಕಟ್ಟಿರುತ್ತದೆ. ಅಡುಗೆಮನೆಯಲ್ಲಿ ಸೀದ ವಾಸನೆ ಖಾಯಂ ಬಾಡಿಗೆದಾರನಂತೆ ಉಳಿದುಬಿಟ್ಟಿರುತ್ತದೆ.

ಅಂಥ ಮನೆಯ ಒಬ್ಬಾಕೆಯನ್ನು ಈ ಅಧ್ಯಾಯದುದ್ದಕ್ಕೂ ಜೊತೆಗೆ ಕರೆದುಕೊಂಡು ಹೋಗೋಣ. ಹಲವರ ಅನುಭವ ಸೇರಿಸಿ ನಾನು ಕಟ್ಟಿಕೊಂಡ ಪಾತ್ರ ಇದು. ಹೆಸರು ಬೇಡ, ‘ಆಕೆ’ ಎಂದರೆ ಸಾಕು. ವಯಸ್ಸು 41. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಈಗ ಶಿವಮೊಗ್ಗದಲ್ಲಿ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಚಿಕ್ಕಂದಿನಿಂದಲೂ ಅವಳ ಬಗ್ಗೆ ಅಮ್ಮ ಹೇಳುತ್ತಿದ್ದದ್ದು ಒಂದೇ ಮಾತು: “ಮನಸ್ಸು ಮಾಡಿದ್ರೆ ಮಾಡ್ತಾಳೆ. ಮನಸ್ಸು ಮಾಡಲ್ಲ, ಅಷ್ಟೆ.”

ಶಾಲೆಯ ಮೇಷ್ಟ್ರು ಅದನ್ನೇ “ಬುದ್ಧಿ ಇದೆ, ಉಪಯೋಗಿಸಲ್ಲ” ಎಂದರು. ಮದುವೆಯಾದ ಮೇಲೆ ಗಂಡ “ನಿಂಗೆ ಹೇಳಿ ಹೇಳಿ ಸಾಕಾಯ್ತು” ಎಂದ. ಮೂವರೂ ಒಳ್ಳೆಯವರೇ. ಮೂವರೂ ಕೇಳಿದ್ದು ಒಂದೇ ಪ್ರಶ್ನೆ: ಅದು ಬರುವವಳಿಗೆ ಇದು ಯಾಕೆ ಬರುವುದಿಲ್ಲ?

ಹೊರಗೆ ಹುಲಿ, ಒಳಗೆ ಇಲಿ

ಪ್ರಶ್ನೆ ನ್ಯಾಯವಾದದ್ದೇ. ಕೌಂಟರಿನಲ್ಲಿ ಆಕೆ ಹುಲಿ. ಮುಂದೆ ಇಪ್ಪತ್ತು ಜನರ ಸಾಲಿದ್ದರೂ ನೋಟಿನ ಎಣಿಕೆ ತಪ್ಪುವುದಿಲ್ಲ. ಸಂಜೆ ಕ್ಯಾಶ್ ಟ್ಯಾಲಿ ಆಗದ ದಿನ ಇಲ್ಲವೆಂದೇ ಹೇಳಬೇಕು. ಆದರೆ ಮನೆಯ ಕರೆಂಟ್ ಬಿಲ್ ಕಟ್ಟುವುದು ಫ್ಯೂಸ್ ಕೀಳಲು ಬಂದವರು ಬಾಗಿಲು ತಟ್ಟಿದ ಮೇಲೆಯೇ. ಮಗನ ಶಾಲೆಯ ಫೀಸಿಗೆ ಪ್ರತಿ ಸಲ ದಂಡ. ಸ್ಕೂಟರಿನ ಕೀ ಫ್ರಿಜ್ಜಿನೊಳಗೆ ಸಿಕ್ಕಿದ್ದೂ ಉಂಟು. ರಾತ್ರಿ ಹತ್ತಕ್ಕೆ ಕಸೂತಿ ಹಿಡಿದು ಕೂತರೆ ಎರಡು ಗಂಟೆಯಾದದ್ದು ತಿಳಿಯುವುದಿಲ್ಲ. ಅದೇ ಕೈಗೆ ಅರ್ಧ ಗಂಟೆಯ ಇಸ್ತ್ರಿ ಕೆಲಸ ಹದಿನೈದು ದಿನವಾದರೂ ಹತ್ತುವುದಿಲ್ಲ.

ಕಾಲು ಮುರಿದವನು ಮನೆಯಲ್ಲೂ ಕುಂಟುತ್ತಾನೆ, ಬ್ಯಾಂಕಿನಲ್ಲೂ ಕುಂಟುತ್ತಾನೆ. ಅವನನ್ನು ಯಾರೂ ಸೋಮಾರಿ ಎನ್ನುವುದಿಲ್ಲ. ಒಂದು ಕಡೆ ಓಡಿ ಇನ್ನೊಂದು ಕಡೆ ಕುಂಟುವವರನ್ನು ಮಾತ್ರ ಲೋಕ ನಂಬುವುದಿಲ್ಲ. ಕೊನೆಗೆ ಅವರೂ ತಮ್ಮನ್ನು ತಾವು ನಂಬುವುದಿಲ್ಲ.

ಆಕೆಯ ಕಥೆ ತಿರುಗಿದ್ದು ಮಗನಿಂದ. ಒಂಬತ್ತು ವರ್ಷದ ಹುಡುಗ ತರಗತಿಯಲ್ಲಿ ಕೂರುವುದಿಲ್ಲ ಎಂಬ ದೂರು ಬಂದು, ಮನೋವೈದ್ಯರ ಬಳಿ ಹೋಗಿದ್ದರು. ವೈದ್ಯರು ಪ್ರಶ್ನೆ ಕೇಳುತ್ತ ಹೋದರು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋಗ್ತಾನಾ? ಪೆನ್ಸಿಲ್ಲು, ರಬ್ಬರು ದಿನಾ ಕಳ್ಕೊಂಡು ಬರ್ತಾನಾ? ಎದುರಿಗೇ ನಿಂತು ಮಾತಾಡಿದ್ರೂ ಕೇಳಿಸ್ಕೊಂಡಿಲ್ಲ ಅನ್ಸತ್ತಾ? ಆಕೆ ತಲೆಯಾಡಿಸುತ್ತಲೇ ಇದ್ದಳು. ನಾಲ್ಕನೆಯದೋ ಐದನೆಯದೋ ಪ್ರಶ್ನೆಗೆ ತಲೆ ನಿಂತಿತು. “ಡಾಕ್ಟ್ರೇ, ನೀವು ಇವನ ಬಗ್ಗೆ ಕೇಳ್ತಿದೀರೋ, ನನ್ನ ಬಗ್ಗೆಯೋ?”

ಮಕ್ಕಳನ್ನು ತೋರಿಸಲು ಹೋಗಿ ತಾವೇ ಸಿಕ್ಕಿಬೀಳುವ ತಂದೆತಾಯಿಯರು ಎಲ್ಲ ದೇಶಗಳಲ್ಲೂ ಇದ್ದಾರೆ. ಕಾರಣ ಸರಳ: ಈ ಸ್ವಭಾವ ರಕ್ತದಲ್ಲಿ ಹರಿದು ಬರುತ್ತದೆ. ಅವಳಿಗಳ ಅಧ್ಯಯನಗಳ ಪ್ರಕಾರ ಜನರ ನಡುವೆ ಈ ವಿಷಯದಲ್ಲಿ ಕಾಣುವ ವ್ಯತ್ಯಾಸದಲ್ಲಿ ಶೇ. 70ರಿಂದ 80ರಷ್ಟು ವಂಶವಾಹಿಗಳಿಂದ ಬಂದದ್ದು. ಕೆಲವು ಭೇಟಿಗಳ ನಂತರ, ವೈದ್ಯರು ಮಗನ ಚೀಟಿಯಲ್ಲಿ ಬರೆದ ನಾಲ್ಕಕ್ಷರವೇ ಆಕೆಯ ಚೀಟಿಯಲ್ಲೂ ಬಿತ್ತು: ಎಡಿಎಚ್‌ಡಿ.

ಏರ್ ಹಿಡಿದ ಪಂಪು

ಗಮನದ ಕೊರತೆ ಮತ್ತು ಅತಿಚಟುವಟಿಕೆ ಎಂದು ಇದನ್ನು ಕನ್ನಡದಲ್ಲಿ ಬರೆಯುತ್ತಾರೆ. ಹೆಸರೇ ದಾರಿ ತಪ್ಪಿಸುತ್ತದೆ. ರಾತ್ರಿ ಎರಡರವರೆಗೆ ಕಸೂತಿ ಹಾಕುವವಳಿಗೆ ಗಮನದ ಕೊರತೆ ಎಂದರೆ ಯಾರು ನಂಬುತ್ತಾರೆ? ಕೊರತೆ ಇರುವುದು ಗಮನದಲ್ಲಲ್ಲ, ಗಮನದ ಕಡಿವಾಣದಲ್ಲಿ.

ಬಾವಿ ದಂಡೆಯ ಪಂಪ್‌ಸೆಟ್ ನೆನಪು ಮಾಡಿಕೊಳ್ಳಿ. ಬಾವಿಗೆ ಇಳಿದ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದೆ. ಮೋಟಾರ್ ನಿಂತ ಮೇಲೂ ಪೈಪಿನೊಳಗೆ ನೀರನ್ನು ಹಿಡಿದಿಡುವುದು ಅದರ ಕೆಲಸ. ಅದು ಸಡಿಲವಾಯಿತೆನ್ನಿ. ರಾತ್ರಿ ನೀರೆಲ್ಲ ಬಾವಿಗೆ ವಾಪಸು. ಬೆಳಿಗ್ಗೆ ಸ್ವಿಚ್ ಹಾಕಿದರೆ ಮೋಟಾರ್ ಗುಂಯ್ ಎನ್ನುತ್ತದೆ, ತೊಟ್ಟು ನೀರಿಲ್ಲ. ಬಾವಿಯಲ್ಲಿ ನೀರಿದೆ, ಮೋಟಾರಿನಲ್ಲಿ ಶಕ್ತಿಯಿದೆ, ಆದರೂ ಏರ್ ಹಿಡಿದಿದೆ. ಎರಡು ಬಿಂದಿಗೆ ನೀರು ಮೇಲಿಂದ ಸುರಿದರೆ ಒಮ್ಮೆ ಕೆಮ್ಮಿ, ಎಳೆದುಕೊಳ್ಳುತ್ತದೆ. ಆಮೇಲೆ ಸಂಜೆಯವರೆಗೆ ಓಡುತ್ತದೆ, ನಿಲ್ಲಿಸುವುದೇ ಮರೆತುಹೋಗುತ್ತದೆ.

ಮಿದುಳಿನಲ್ಲಿ ‘ಇದು ಮಾಡುವಂಥದ್ದು, ಈಗಲೇ ಏಳು’ ಎಂಬ ಚಾಲನೆಯ ಸಂಕೇತವನ್ನು ಸಾಗಿಸುವ ರಾಸಾಯನಿಕಗಳಲ್ಲಿ ಮುಖ್ಯವಾದದ್ದು ಡೋಪಮೈನ್. ಎಡಿಎಚ್‌ಡಿ ಇರುವವರಲ್ಲಿ ಈ ವ್ಯವಸ್ಥೆ ಬೇರೆ ರೀತಿ ನಡೆಯುತ್ತದೆ ಎನ್ನಲು ಹಲವು ದಿಕ್ಕಿನ ಸಾಕ್ಷ್ಯಗಳಿವೆ. ಉಪ್ಪಿನಷ್ಟೇ ಸಾಧಾರಣವಾದ, ಆದರೆ ಮುಖ್ಯವಾದ ಕೆಲಸಗಳು ಅಲ್ಲಿ ಸಾಕಷ್ಟು ಸಂಕೇತ ಎಬ್ಬಿಸುವುದಿಲ್ಲ. ಮೇಲಿಂದ ನೀರು ಸುರಿಯಬೇಕು. ಆ ನೀರು ಮೂರು ಬಗೆಯದು: ಆಸಕ್ತಿ, ಹೊಸತನ, ಇಲ್ಲವೇ ತಲೆಯ ಮೇಲೆ ಬಂದು ಕೂತ ಗಡುವು. ಕೌಂಟರಿನಲ್ಲಿ ಗಿರಾಕಿ ಕಣ್ಣೆದುರೇ ನಿಂತಿರುತ್ತಾನೆ. ಪಂಪು ತಾನಾಗಿ ಎಳೆದುಕೊಳ್ಳುತ್ತದೆ. ಕರೆಂಟ್ ಬಿಲ್ಲಿನೆದುರು ಯಾರೂ ನಿಂತಿರುವುದಿಲ್ಲ.

ಇನ್ನೊಂದು ತೊಡಕು ಹೊತ್ತಿನದು. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲಲ್ಲಿ ‘ನಾಳೆ ಬಾ’ ಎಂದು ಬರೆದಿತ್ತು. ರಾತ್ರಿ ಬಂದು ಹೆಸರು ಕರೆಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತಿತ್ತಂತೆ. ಮರುದಿನ ಬಂದರೂ ಅದೇ ಬರಹ. ಎಡಿಎಚ್‌ಡಿಯ ಮನಸ್ಸಿನಲ್ಲಿ ಕಾಲಕ್ಕೆ ಎರಡೇ ಕೋಣೆ: ‘ಈಗ’ ಮತ್ತು ‘ನಾಳೆ ಬಾ’. ಮುಂದಿನ ಗುರುವಾರವೂ ಮುಂದಿನ ಯುಗಾದಿಯೂ ಎರಡನೆಯ ಕೋಣೆಯಲ್ಲೇ. ಅಮೆರಿಕದ ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ ಇದನ್ನು ಒಂದು ಬಗೆಯ ಕುರುಡಿಗೆ ಹೋಲಿಸಿದರು. ಇರುಳುಗುರುಡು ಇರುವಂತೆ ಇದು ಹೊತ್ತುಗುರುಡು.

ನೈತಿಕತೆಯ ಹಳೆಯ ಕಲೆ

ಹಾಗಾದರೆ 41 ವರ್ಷ ಯಾರಿಗೂ ತಿಳಿಯಲಿಲ್ಲವೇಕೆ? ಉತ್ತರದ ಒಂದು ತುದಿ 1902ರ ಲಂಡನ್ನಿನಲ್ಲಿದೆ. ಆ ವರ್ಷ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚೆನ್ನಾಗಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾಗದ ಮಕ್ಕಳ ಬಗ್ಗೆ ಉಪನ್ಯಾಸಗಳನ್ನು ಕೊಟ್ಟರು. ಆದರೆ ಅವರು ಇಟ್ಟ ಹೆಸರು ‘ನೈತಿಕ ನಿಯಂತ್ರಣದ ದೋಷ’. ಕಾಯಿಲೆ ವೈದ್ಯಶಾಸ್ತ್ರದ ಮನೆಯೊಳಗೆ ಕಾಲಿಟ್ಟದ್ದೇ ಚಾರಿತ್ರ್ಯದ ಕಲೆ ಹೊತ್ತು. ಹೆಸರು ಆಮೇಲೆ ಎಷ್ಟೋ ಸಲ ಬದಲಾಯಿತು. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ‘ಗಮನ’ ಎಂಬ ಪದವನ್ನು ಹೆಸರಿನೊಳಗೆ ತಂದಿತು. 1987ರಲ್ಲಿ ಈಗಿನ ಹೆಸರು ಬಂತು. ಆದರೂ ಇದು ಮಕ್ಕಳ ಕಾಯಿಲೆ, ದೊಡ್ಡವರಾಗುತ್ತ ಹೋಗಿಬಿಡುತ್ತದೆ ಎಂಬ ನಂಬಿಕೆ ದಶಕಗಟ್ಟಲೆ ಉಳಿಯಿತು. 2013ರ ಆವೃತ್ತಿಯಲ್ಲಷ್ಟೇ ವಯಸ್ಕರಿಗೆ ಬೇರೆ ಅಳತೆಗೋಲು ಸಿಕ್ಕಿತು. ಈಗ ನೂರು ವಯಸ್ಕರಲ್ಲಿ ಎರಡು ಮೂರು ಮಂದಿಗೆ ಇದು ಇರಬಹುದೆಂಬ ಅಂದಾಜಿದೆ.

ಉತ್ತರದ ಇನ್ನೊಂದು ತುದಿ ನಮ್ಮ ಮನೆಗಳಲ್ಲೇ ಇದೆ. ಬೆಂಚು ಹತ್ತಿ ಕುಣಿಯುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂತ ಹುಡುಗಿಯಿಂದ ಯಾರಿಗೂ ತೊಂದರೆಯಿಲ್ಲ. ಮೇಲಾಗಿ ಅಮ್ಮ ಎಬ್ಬಿಸುತ್ತಾಳೆ, ಅಜ್ಜಿ ಜಡೆ ಹಾಕುತ್ತಾಳೆ, ಅಣ್ಣ ಬ್ಯಾಗು ತುಂಬಿಸುತ್ತಾನೆ. ಇಡೀ ಮನೆಯೇ ಊರುಗೋಲಾಗಿ ನಿಂತಿರುವಾಗ ಕುಂಟು ಕಾಣುವುದಿಲ್ಲ. ಹಾಸ್ಟೆಲ್ಲು, ನೌಕರಿ, ಮದುವೆ, ಬಾಣಂತನ ಎಂದು ಒಂದೊಂದೇ ಊರುಗೋಲು ಜಾರಿದಾಗ ಕಾಣುತ್ತದೆ. ಆ ಹೊತ್ತಿಗೆ ಎಲ್ಲರ ಬಾಯಲ್ಲೂ ಬೇರೆ ಹೆಸರು ಸಿದ್ಧವಾಗಿರುತ್ತದೆ: ಸೋಮಾರಿ, ಬೇಜವಾಬ್ದಾರಿ, ಮಂಕು.

ಒಂದು ಎಚ್ಚರಿಕೆ. ಮರೆವೆಲ್ಲ ಎಡಿಎಚ್‌ಡಿ ಅಲ್ಲ. ನಿದ್ದೆಗೇಡು, ಥೈರಾಯ್ಡ್ ತೊಂದರೆ, ಖಿನ್ನತೆ, ಆತಂಕ ಇವೂ ಗಮನವನ್ನು ತಿನ್ನುತ್ತವೆ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆಯೇ ಇದ್ದವೇ, ಬದುಕಿನ ಒಂದಕ್ಕಿಂತ ಹೆಚ್ಚು ಕಡೆ ಕಾಟ ಕೊಡುತ್ತಿವೆಯೇ ಎಂದು ನೋಡಿಯೇ ವೈದ್ಯರು ನಿರ್ಧರಿಸುತ್ತಾರೆ. ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ‘ಹೌದು’ ಒತ್ತಿದರೆ ಆಗುವ ಕೆಲಸವಲ್ಲ ಇದು. ಎಲ್ಲಿಗೆ ಹೋಗಬೇಕೆಂದೇ ತಿಳಿಯದವರು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಉದ್ರಿ ಪುಸ್ತಕ

ಈಗ ಅಸಲು ಒಗಟು. ಚೀಟಿ ಕೈಗೆ ಬಂದ ದಿನ ಆಕೆ ಅತ್ತಳು. ದುಃಖಕ್ಕಲ್ಲ, ಹಗುರಾಗಿ. ‘ಹಾಗಾದರೆ ನಾನು ಕೆಟ್ಟವಳಲ್ಲ.’ ಒಂದು ವಾರ ತೇಲಿದಳು. ಆಮೇಲೆ ಸಿಟ್ಟು ಬಂತು: ಹತ್ತನೇ ವಯಸ್ಸಿನಲ್ಲೇ ಯಾರಾದರೂ ಹೇಳಿದ್ದರೆ? ಅದರ ಹಿಂದೆಯೇ ಬಿಟ್ಟುಹೋದ ಪರೀಕ್ಷೆಗಳ, ಕೆಟ್ಟುಹೋದ ಸ್ನೇಹಗಳ ನೆನಪು. ಮೂರು ತಿಂಗಳ ನಂತರ ಮ್ಯಾನೇಜರು ಕರೆದು ಆಫೀಸರ್ ಹುದ್ದೆಯ ಪರೀಕ್ಷೆಗೆ ಅರ್ಜಿ ಹಾಕಿ ಎಂದಾಗ, ಬಾಯಿಗೆ ಬಂದದ್ದು ಅದೇ ಹಳೆಯ ಉತ್ತರ: “ನನ್ನ ಕೈಲಿ ಆಗಲ್ಲ ಸಾರ್.”

ತಾನು ಸೋಮಾರಿಯಲ್ಲ ಎಂದು ಗೊತ್ತಾದ ಮೇಲೂ ಆತ್ಮವಿಶ್ವಾಸ ಯಾಕೆ ವಾಪಸು ಬರಲಿಲ್ಲ?

ಆತ್ಮವಿಶ್ವಾಸವನ್ನು ನಾವು ಧೈರ್ಯ ಎಂದುಕೊಂಡಿದ್ದೇವೆ, ಇಲ್ಲವೇ ತನ್ನ ಬಗ್ಗೆ ತನಗಿರುವ ಒಳ್ಳೆಯ ಅಭಿಪ್ರಾಯ ಎಂದು. ಅದು ಎರಡೂ ಅಲ್ಲ. ಅದೊಂದು ಅಂದಾಜು. ಕಿರಾಣಿ ಅಂಗಡಿಯವನ ಹತ್ತಿರ ಉದ್ರಿ ಪುಸ್ತಕವಿರುತ್ತದಲ್ಲ, ಹಾಗೆ. ನೀವು ಎಷ್ಟು ಒಳ್ಳೆಯವರು ಎಂದು ಅವನು ಯೋಚಿಸುವುದಿಲ್ಲ. ಪುಟ ತಿರುವಿ ನೋಡುತ್ತಾನೆ: ಹಿಂದೆ ತೆಗೆದುಕೊಂಡದ್ದನ್ನು ಹೇಳಿದ ದಿನಕ್ಕೆ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಇನ್ನೊಂದು ಚೀಲ ಅಕ್ಕಿ. ಇಲ್ಲದಿದ್ದರೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡಿನ ಕಡೆ ಬೆರಳು. ಮಿದುಳೂ ಹೀಗೆಯೇ ಪುಸ್ತಕವಿಡುತ್ತದೆ. ‘ನಾನು ಕೈಹಾಕಿದರೆ ಕೆಲಸ ಆಗುತ್ತದೆಯೇ?’ ಎಂಬ ಪ್ರಶ್ನೆಗೆ ಹಳೆಯ ಪುಟಗಳನ್ನು ನೋಡಿ ಉತ್ತರಿಸುತ್ತದೆ.

ಮಿದುಳು ಲೆಕ್ಕವಿಡುತ್ತದೆ ಎಂಬುದು ಬರೀ ಉಪಮೆಯಲ್ಲ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಫ್ರಿಬೋರ್ಗ್‌ನಲ್ಲಿ ಕೋತಿಗಳ ಡೋಪಮೈನ್ ನರಕೋಶಗಳ ಮಿಡಿತವನ್ನು ದಾಖಲಿಸಿದರು. ದೀಪ ಹೊತ್ತಿದ ಮೇಲೆ ಹಣ್ಣಿನ ರಸ ಸಿಗುತ್ತದೆ ಎಂದು ಕೋತಿ ಕಲಿತ ನಂತರ ಕೋಶಗಳು ರಸಕ್ಕೆ ಮಿಡಿಯಲಿಲ್ಲ, ದೀಪಕ್ಕೆ ಮಿಡಿದವು. ದೀಪ ಹೊತ್ತಿಯೂ ರಸ ಬಾರದಿದ್ದರೆ, ಬರಬೇಕಿದ್ದ ಕ್ಷಣಕ್ಕೆ ಸರಿಯಾಗಿ ಮಿಡಿತ ಕುಸಿಯಿತು. ಅಂದರೆ ಕೋಶಗಳು ಬರೆದುಕೊಳ್ಳುತ್ತಿದ್ದುದು ಸಿಕ್ಕಿದ್ದನ್ನಲ್ಲ. ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು. ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ 1997ರಲ್ಲಿ ಈ ಲೆಕ್ಕದ ಸೂತ್ರವನ್ನು ಪ್ರಕಟಿಸಿದರು. ಕೋತಿಯ ರಸದಿಂದ ಮನುಷ್ಯನ ಆತ್ಮವಿಶ್ವಾಸಕ್ಕೆ ನೇರ ಗೆರೆ ಎಳೆಯಲಾಗದು. ಆದರೆ ಲೆಕ್ಕದ ಜಾಡು ಮಾತ್ರ ಪರಿಚಿತವೇ. ‘ನಾಳೆ ಐದಕ್ಕೆ ಎದ್ದು ಓದುತ್ತೇನೆ’ ಎಂದು ನಮಗೆ ನಾವೇ ಹೇಳಿಕೊಳ್ಳುವುದು ಹೊತ್ತಿದ ದೀಪ. ಎಂಟಕ್ಕೆ ಏಳುವುದು ಬಾರದ ರಸ. ನಲವತ್ತು ವರ್ಷ ದೀಪ ಹೊತ್ತಿ ರಸ ಬಾರದಿದ್ದರೆ, ಕೊನೆಗೆ ದೀಪವನ್ನೇ ಯಾರೂ ನಂಬುವುದಿಲ್ಲ.

ಆಕೆಯ ಪುಸ್ತಕದಲ್ಲಿ ಇನ್ನೊಂದು ಎಡವಟ್ಟೂ ಇತ್ತು. ಗೆದ್ದದ್ದೆಲ್ಲ ‘ಅದೃಷ್ಟ’ದ ಖಾತೆಗೆ ಜಮಾ: ಹಿಂದಿನ ರಾತ್ರಿ ಓದಿ ಫಸ್ಟ್ ಕ್ಲಾಸ್ ಬಂದದ್ದು, ಬ್ಯಾಂಕ್ ಪರೀಕ್ಷೆ ಪಾಸಾದದ್ದು. ಸೋತದ್ದೆಲ್ಲ ‘ನನ್ನ ಗುಣ’ದ ಖಾತೆಗೆ ಖರ್ಚು. ಒಮ್ಮೆ ಆರು ದಿನ ಒದ್ದಾಡಿದರೂ ಫಲವಿಲ್ಲ, ಒಮ್ಮೆ ಒಂದು ರಾತ್ರಿಯಲ್ಲಿ ಎಲ್ಲ ಮುಗಿಯುತ್ತದೆ. ಶ್ರಮಕ್ಕೂ ಫಲಕ್ಕೂ ತಾಳೆಯೇ ಆಗದಿದ್ದಾಗ ‘ನಾನು ಮಾಡಿದ್ದರಿಂದ ಆಯಿತು’ ಎಂಬ ಸಾಲು ಬರೆಯುವುದಾದರೂ ಹೇಗೆ?

ಚೀಟಿ ಮಾಡಿದ್ದು ಏನೆಂದರೆ ತಪ್ಪು ಖಾತೆಗೆ ಹೋದದ್ದನ್ನು ಸರಿಪಡಿಸುವುದು. ಬ್ಯಾಂಕಿನವಳಾದ ಆಕೆಗೆ ಇದು ತಕ್ಷಣ ಅರ್ಥವಾಯಿತು. ಸೋಲುಗಳು ‘ಗುಣ’ದ ಖಾತೆಯಿಂದ ‘ಫುಟ್‌ವಾಲ್ವ್’ ಖಾತೆಗೆ ಬಂದವು. ದೊಡ್ಡ ಕೆಲಸವೇ. ಆದರೆ ಖಾತೆ ತಿದ್ದಿದ ಮಾತ್ರಕ್ಕೆ ಬ್ಯಾಲೆನ್ಸ್ ಬೆಳೆಯುವುದಿಲ್ಲ. ಅದಕ್ಕೆ ಹೊಸ ಜಮಾ ಬೇಕು.

ಗೋಡೆ ದಾಟದ ನಾಯಿಗಳು

ಜಮಾ ಹೇಗಾಗುತ್ತದೆ ಎಂಬುದಕ್ಕೆ ಮನೋವಿಜ್ಞಾನದ ಒಂದು ಕ್ರೂರ ಪ್ರಯೋಗದತ್ತ ತಿರುಗಬೇಕು. 1960ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಯುವ ಸಂಶೋಧಕರು ನಾಯಿಗಳಿಗೆ ವಿದ್ಯುತ್ ಆಘಾತ ಕೊಟ್ಟರು. ಒಂದು ಗುಂಪಿನ ನಾಯಿಗಳು ತಲೆಯಿಂದ ಹಲಗೆ ಒತ್ತಿದರೆ ಆಘಾತ ನಿಲ್ಲುತ್ತಿತ್ತು. ಇನ್ನೊಂದು ಗುಂಪಿಗೂ ಅಷ್ಟೇ ಆಘಾತ, ಆದರೆ ಏನು ಮಾಡಿದರೂ ನಿಲ್ಲದು. ಆಮೇಲೆ ಎರಡೂ ಗುಂಪನ್ನು ಗಿಡ್ಡ ಗೋಡೆಯಿದ್ದ ಪೆಟ್ಟಿಗೆಯಲ್ಲಿ ಬಿಟ್ಟರು. ಗೋಡೆ ಹಾರಿದರೆ ಆಚೆ ಕಡೆ ಆಘಾತವಿಲ್ಲ. ಮೊದಲ ಗುಂಪು ಹಾರಿತು. ಎರಡನೆಯ ಗುಂಪಿನ ಬಹುಪಾಲು ನಾಯಿಗಳು ಮಲಗಿ ಕುಂಯ್‌ಗುಟ್ಟಿದವು, ಹಾರಲಿಲ್ಲ.

ಇದಕ್ಕೆ ‘ಕಲಿತ ಅಸಹಾಯಕತೆ’ ಎಂದು ಹೆಸರಿಟ್ಟರು. ಆದರೆ ನಮಗೆ ಬೇಕಾದದ್ದು ನಂತರದ ಭಾಗ. ಆ ನಾಯಿಗಳನ್ನು ಸರಿಪಡಿಸಲು 1968ರಲ್ಲಿ ಪ್ರಯತ್ನ ನಡೆಯಿತು. ಗೋಡೆಯನ್ನೇ ತೆಗೆದರು, ನಾಯಿ ಏಳಲಿಲ್ಲ. ಆಚೆ ನಿಂತು ಕರೆದರು, ಏಳಲಿಲ್ಲ. ಆಹಾರ ಹಾಕಿದರು, ಏಳಲಿಲ್ಲ. ಕೊನೆಗೆ ಕೊರಳಿಗೆ ಹಗ್ಗ ಕಟ್ಟಿ ಈಚೆಯಿಂದ ಆಚೆಗೆ ಎಳೆದರು. ಒಂದೆರಡು ಸಲಕ್ಕೆ ಆಗಲಿಲ್ಲ, ಹತ್ತಾರು ಸಲ ಎಳೆಯಬೇಕಾಯಿತು. ಬರಬರುತ್ತ ಹಗ್ಗದ ಬಿಗಿ ಕಡಿಮೆ ಸಾಕಾಯಿತು. ಕೊನೆಗೊಂದು ಸಲ ನಾಯಿ ತಾನಾಗಿ ದಾಟಿತು. ಹಗ್ಗ ಎಳೆದರೂ ದಾಟಿದ್ದು ನಾಯಿಯ ಕಾಲುಗಳೇ. ಮಿದುಳು ಬರೆದುಕೊಂಡದ್ದು ಅದನ್ನು.

ಅರ್ಧ ಶತಮಾನದ ನಂತರ, 2016ರಲ್ಲಿ, ಮೇಯರ್ ಮತ್ತು ಸೆಲಿಗ್ಮನ್ ತಮ್ಮ ಸಿದ್ಧಾಂತವನ್ನು ತಾವೇ ತಲೆಕೆಳಗು ಮಾಡಿದರು. ಇಲಿಗಳ ಮಿದುಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಮೇಲೆ ಅವರಿಗೆ ಕಂಡದ್ದು: ಅಸಹಾಯಕತೆಯನ್ನು ಯಾರೂ ಕಲಿಯುವುದಿಲ್ಲ. ತಪ್ಪಿಸಿಕೊಳ್ಳಲಾಗದ ಕಷ್ಟ ಬಹಳ ಹೊತ್ತು ಮುಂದುವರಿದರೆ ಮುದುರಿ ಮಲಗುವುದು ಮಿದುಳಿನ ಮೂಲ ಸ್ವಭಾವ. ಕಲಿಯಬೇಕಾದದ್ದು ಅದಕ್ಕೆ ವಿರುದ್ಧವಾದದ್ದನ್ನು, ‘ನನ್ನ ಕೈಯಲ್ಲಿ ಹಿಡಿತವಿದೆ’ ಎಂಬುದನ್ನು. ಹಣೆಯ ಹಿಂದಿನ ಮಿದುಳಿನ ಒಂದು ಭಾಗ ‘ನಾನು ಮಾಡಿದ್ದಕ್ಕೆ ಫಲ ಬಂತು’ ಎಂಬುದನ್ನು ಗುರುತಿಸಿದಾಗ, ಮಿದುಳ ಬುಡದಲ್ಲಿ ಹೊಡೆದುಕೊಳ್ಳುತ್ತಿದ್ದ ಅಪಾಯದ ಗಂಟೆಯನ್ನು ಅದು ಸುಮ್ಮನಾಗಿಸುತ್ತದೆ. ಒಮ್ಮೆ ಈ ಹಿಡಿತದ ಅರಿವು ಮೂಡಿದ ಪ್ರಾಣಿ ಮುಂದಿನ ಕಷ್ಟಕ್ಕೂ ಅಷ್ಟು ಬೇಗ ಮಲಗುವುದಿಲ್ಲ.

ಎಡಿಎಚ್‌ಡಿ ಅಸಹಾಯಕತೆಯ ಕಾಯಿಲೆಯಲ್ಲ, ಮನುಷ್ಯರು ಪೆಟ್ಟಿಗೆಯೊಳಗಿನ ನಾಯಿಗಳೂ ಅಲ್ಲ. ಆದರೆ ಆಕೆಯ ಒಗಟಿಗೆ ಉತ್ತರ ಇಲ್ಲಿದೆ. ವೈದ್ಯರ ಚೀಟಿ ಎಂದರೆ ಗೋಡೆ ತೆಗೆದಂತೆ. “ನಿನ್ನ ಕೈಲಾಗತ್ತೆ ಕಣೇ” ಎಂಬ ಗೆಳತಿಯ ಮಾತು ಆಚೆ ನಿಂತು ಕರೆದಂತೆ. ಬೋನಸ್ಸು, ಬಡ್ತಿ ಎಲ್ಲ ಆಚೆ ಹಾಕಿದ ಆಹಾರ. ಯಾವುದೂ ಸುಳ್ಳಲ್ಲ, ಆದರೆ ಯಾವುದೂ ಪುಸ್ತಕದಲ್ಲಿ ಜಮಾ ಆಗುವುದಿಲ್ಲ. ಕಾಲು ದಾಟಬೇಕು. ಅದೂ ಒಂದು ಸಲವಲ್ಲ.

ಕೆನಡಾದಲ್ಲಿ ಹುಟ್ಟಿ ಸ್ಟ್ಯಾನ್‌ಫರ್ಡಿನಲ್ಲಿ ಕೆಲಸ ಮಾಡಿದ ಆಲ್ಬರ್ಟ್ ಬಂಡೂರಾ 1977ರಲ್ಲೇ ಇದನ್ನು ಬೇರೆ ದಾರಿಯಿಂದ ಕಂಡಿದ್ದರು. ‘ನನ್ನ ಕೈಲಾಗುತ್ತದೆ’ ಎಂಬ ನಂಬಿಕೆಗೆ ಅವರು ನಾಲ್ಕು ಮೂಲಗಳನ್ನು ಹೇಳಿದರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದದ್ದನ್ನು ನೋಡುವುದು, ಬೇರೆಯವರ ಪ್ರೋತ್ಸಾಹದ ಮಾತು, ಮೈಮನಸ್ಸಿನ ಆ ಹೊತ್ತಿನ ಸ್ಥಿತಿ. ಇವುಗಳಲ್ಲಿ ಗಟ್ಟಿಯಾದದ್ದು ಮೊದಲನೆಯದು.

ಹಗ್ಗ ಯಾವುದು?

ಏರ್ ಹಿಡಿದ ಪಂಪಿಗೆ ‘ಸುಮ್ಮನೆ ಸ್ಟಾರ್ಟ್ ಆಗು’ ಎಂದರೆ ಆಗುವುದಿಲ್ಲ. ತಡವಾಗಿ ಗೊತ್ತಾದವರು ಮಾಡುವ ಮೊದಲ ತಪ್ಪೇ ಇದು. ಆಕೆಯೂ ಮಾಡಿದಳು. ಚೀಟಿ ಬಂದ ವಾರ ಐದು ಡೈರಿ, ಬಣ್ಣದ ಪೆನ್ನು, ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ವೇಳಾಪಟ್ಟಿ. ಒಂಬತ್ತನೇ ದಿನ ಡೈರಿಯೇ ಕಳೆದುಹೋಯಿತು. ಉದ್ರಿ ಪುಸ್ತಕದಲ್ಲಿ ಇನ್ನೊಂದು ಕೆಂಪು ಗೆರೆ. ಹೊಸತನದ ನೀರಿನಿಂದ ಪಂಪು ಎಳೆದುಕೊಂಡಿತ್ತು. ಹೊಸತನ ಆರಿದ ದಿನ ನಿಂತಿತು.

ಹೊರಗಿನಿಂದ ಹಗ್ಗ ಬೇಕು. ಮೊದಲ ಹಗ್ಗ ಔಷಧಿ. ಮೀಥೈಲ್‌ಫೆನಿಡೇಟ್‌ನಂಥ ಔಷಧಿ ನರಕೋಶಗಳ ನಡುವೆ ಡೋಪಮೈನ್ ಬೇಗ ಹಿಂದಕ್ಕೆ ಹೀರಿಹೋಗದಂತೆ ತಡೆಯುತ್ತದೆ. ಅದರ ಪ್ರಭಾವ ಇರುವಷ್ಟು ಗಂಟೆ ಫುಟ್‌ವಾಲ್ವ್ ಬಿಗಿಯಾಗಿರುತ್ತದೆ. ನಮ್ಮ ದೇಶದಲ್ಲಿ ಇದು ಬಿಗಿ ಕಾನೂನಿನ ಕೆಳಗಿರುವ ಔಷಧಿ. ವೈದ್ಯರೇ ಬರೆಯಬೇಕು, ಹೃದಯ, ರಕ್ತದೊತ್ತಡ ನೋಡಿಕೊಂಡು ಕೊಡಬೇಕು. ಎಲ್ಲರಿಗೂ ಒಗ್ಗುವುದಿಲ್ಲ, ಬೇರೆ ಔಷಧಿಗಳೂ ಇವೆ. ಆದರೆ ಮಾತ್ರೆ ಕರೆಂಟ್ ಬಿಲ್ ಕಟ್ಟುವುದಿಲ್ಲ. 2010ರಲ್ಲಿ ಅಮೆರಿಕದ ಸ್ಟೀವನ್ ಸ್ಯಾಫ್ರೆನ್ ಮತ್ತು ಸಂಗಡಿಗರು, ಔಷಧಿ ತೆಗೆದುಕೊಂಡರೂ ತೊಂದರೆ ಉಳಿದಿದ್ದ 86 ವಯಸ್ಕರ ಮೇಲೆ ನಡೆಸಿದ ಪರೀಕ್ಷೆ ಪ್ರಕಟಿಸಿದರು. ಅರ್ಧ ಜನರಿಗೆ ಮೈಮನಸ್ಸು ಸಡಿಲಿಸುವ ಅಭ್ಯಾಸ ಮತ್ತು ತಿಳಿವಳಿಕೆ. ಉಳಿದವರಿಗೆ ಆಲೋಚನೆ ಮತ್ತು ನಡವಳಿಕೆ ತಿದ್ದುವ ಚಿಕಿತ್ಸೆ. ಎರಡನೆಯವರೇ ಹೆಚ್ಚು ಸುಧಾರಿಸಿದರು. ಆ ಚಿಕಿತ್ಸೆಯ ಕ್ರಮ ಗಮನಿಸಿ: ಮೊದಲು ಕ್ಯಾಲೆಂಡರು, ಕೆಲಸದ ಪಟ್ಟಿ, ಚಿತ್ತ ಕದಲಿದಾಗ ಏನು ಮಾಡಬೇಕೆಂಬ ಅಭ್ಯಾಸ. ತನ್ನ ಬಗೆಗಿನ ಕಹಿ ಆಲೋಚನೆಗಳನ್ನು ತಿದ್ದುವುದು ಆಮೇಲೆ. ಪುಸ್ತಕದಲ್ಲಿ ನಾಲ್ಕು ಜಮಾ ಬಿದ್ದ ಮೇಲೆ ‘ನಾನು ಅಷ್ಟೇನೂ ಕೆಟ್ಟ ಗಿರಾಕಿಯಲ್ಲ’ ಎಂಬ ಮಾತಿಗೆ ಆಧಾರ ಸಿಗುತ್ತದೆ.

ಎರಡನೆಯ ಹಗ್ಗ ಗಂಟು. ‘ಸಂಜೆ ಬಿಲ್ ಕಟ್ಟಬೇಕು’ ಎಂಬುದು ಗಾಳಿಯಲ್ಲಿ ತೇಲುವ ಆಸೆ. ‘ಚಪ್ಪಲಿ ಬಿಟ್ಟ ಕೂಡಲೇ ಕೀ ಮೊಳೆಗೆ ಹಾಕುತ್ತೇನೆ’ ಎಂಬುದು ಗಂಟು: ಇದಾದ ಕೂಡಲೇ ಅದು. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಇಂಥ ಗಂಟುಗಳ ಶಕ್ತಿಯನ್ನು ತೋರಿಸುತ್ತ ಬಂದಿದ್ದಾರೆ. ನೆನಪಿಡುವ ಭಾರ ತಲೆಯಿಂದ ಚಪ್ಪಲಿಗೆ ವರ್ಗವಾಗುತ್ತದೆ.

ಮೂರನೆಯದು ಜೊತೆ. ಆಕೆಯ ತವರಿನಲ್ಲಿ ಕೊಯ್ಲಿನ ಕಾಲಕ್ಕೆ ಅಡಿಕೆ ಸುಲಿಯಲು ರಾತ್ರಿ ಹತ್ತು ಜನ ಕೂರುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಕೈ ತನ್ನಷ್ಟಕ್ಕೆ ಓಡುತ್ತಿತ್ತು, ಬಾಯಿ ಊರ ಸುದ್ದಿ ಮಾತಾಡುತ್ತಿತ್ತು. ‘ಮನಸ್ಸು ಮಾಡದ’ ಹುಡುಗಿ ಅಲ್ಲಿ ಯಾರಿಗೂ ಕಡಿಮೆಯಿಲ್ಲದಂತೆ ಸುಲಿಯುತ್ತಿದ್ದಳು. ಅಡಿಕೆ, ಹಪ್ಪಳ, ಶಾವಿಗೆ ಎಂದು ಬೇಸರದ ಕೆಲಸಗಳನ್ನೆಲ್ಲ ನಮ್ಮ ಹಿರಿಯರು ಜೊತೆಯಲ್ಲಿ ಕೂತೇ ಮಾಡುತ್ತಿದ್ದರು. ಈಗ ಭಾನುವಾರ ಬೆಳಿಗ್ಗೆ ಆಕೆ ತಂಗಿಗೆ ವಿಡಿಯೊ ಕರೆ ಮಾಡಿ ಫೋನನ್ನು ಡಬ್ಬಿಗೆ ಆನಿಸಿ ಇಡುತ್ತಾಳೆ. ಅಲ್ಲಿ ತಂಗಿ ಸೊಪ್ಪು ಬಿಡಿಸುತ್ತಾಳೆ, ಇಲ್ಲಿ ಅಕ್ಕ ಇಸ್ತ್ರಿ ಮಾಡುತ್ತಾಳೆ. ಮಾತು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಸಣ್ಣ ಸಾಲ, ಹೇಳಿದ ದಿನಕ್ಕೆ ವಾಪಸು

ಹಗ್ಗಗಳು ಸಿದ್ಧ. ಎಷ್ಟು ದೂರ ಎಳೆಯಬೇಕು? ಉದ್ರಿ ಕೆಟ್ಟುಹೋದವರು ಅಂಗಡಿಯವನ ನಂಬಿಕೆ ಗಳಿಸುವುದು ಹೇಗೋ ಹಾಗೆಯೇ. ಮೊದಲ ದಿನವೇ ಅಕ್ಕಿ ಮೂಟೆ ಕೇಳಬಾರದು. ಬೆಂಕಿಪೊಟ್ಟಣ ತಂದು ಸಂಜೆಯೇ ದುಡ್ಡು ಕೊಡಬೇಕು.

ಆಕೆಯ ಬೆಂಕಿಪೊಟ್ಟಣ ಕೀ. ಮೊಳೆಗೆ ಕೀ ಹಾಕುವುದೊಂದೇ. ಸೋಲಲು ಕಷ್ಟವೆನಿಸುವಷ್ಟು ಸಣ್ಣದು. ಮಾಡಿದ ದಿನ ಕ್ಯಾಲೆಂಡರಿನ ಚೌಕದಲ್ಲಿ ಒಂದು ಗೀಟು. ನಗು ಬಂದರೂ ಈ ಗೀಟು ಮುಖ್ಯ. ಎಡಿಎಚ್‌ಡಿಯ ಮನಸ್ಸು ಸೋಲನ್ನು ನೆನಪಿಡುತ್ತದೆ, ಗೆಲುವನ್ನು ‘ಅದೇನು ಮಹಾ’ ಎಂದು ಬಿಟ್ಟುಬಿಡುತ್ತದೆ. ಕಾಗದದ ಮೇಲೆ ಬರೆಯದಿದ್ದರೆ ಜಮಾ ಇಲ್ಲ.

ತಪ್ಪಿದ ದಿನ? ತಪ್ಪಿಯೇ ತಪ್ಪುತ್ತದೆ. ಆಗ ಹಳೆಯ ಗುಮಾಸ್ತ ಓಡಿಬಂದು ‘ಗುಣ’ದ ಖಾತೆ ತೆರೆಯುತ್ತಾನೆ. ಅವನನ್ನು ತಡೆದು ಕೇಳಬೇಕಾದದ್ದು ಒಂದೇ: ಹಗ್ಗ ಎಲ್ಲಿ ಕಳಚಿತು? ಆಕೆಯ ಕೀ ತಪ್ಪಿದ ಮೂರೂ ದಿನ ಎರಡೂ ಕೈಯಲ್ಲಿ ತರಕಾರಿ ಚೀಲವಿತ್ತು. ಮೊಳೆಯ ಕೆಳಗೆ ಒಂದು ಸ್ಟೂಲ್ ಬಂತು. ದೋಷ ಹುಡುಗಿಯಲ್ಲಿಲ್ಲ, ಸ್ಟೂಲ್ ಇರಲಿಲ್ಲ. ಇದು ನೆಪವಲ್ಲ. ನೆಪ ಹೇಳುವವನು ‘ನನಗೆ ಎಡಿಎಚ್‌ಡಿ, ಏನು ಮಾಡಲಿ’ ಎಂದು ಅಲ್ಲಿಗೇ ನಿಲ್ಲುತ್ತಾನೆ. ಲೆಕ್ಕ ನೋಡುವವನು ‘ನನಗೆ ಎಡಿಎಚ್‌ಡಿ, ಆದ್ದರಿಂದ ಸ್ಟೂಲ್’ ಎನ್ನುತ್ತಾನೆ.

ಕೀ ನಂತರ ಬಿಲ್ಲು. ಅದಕ್ಕೆ ಬ್ಯಾಂಕಿನಿಂದ ತಾನಾಗಿ ಹೋಗುವ ಏರ್ಪಾಡು ಮಾಡಿದಳು. ಬಿಲ್ಲಿನ ನಂತರ ಫೀಸು. ಎಂಟು ತಿಂಗಳಾದ ಮೇಲೆ ಒಂದು ಸಂಜೆ ಮ್ಯಾನೇಜರ ಟೇಬಲಿನ ಮುಂದೆ ನಿಂತು “ಸಾರ್, ಆ ಅರ್ಜಿ ಇನ್ನೂ ಹಾಕಬಹುದಾ?” ಎಂದಳು. ಧೈರ್ಯ ಬಂದಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಪುಸ್ತಕ ತಿರುವಿ ನೋಡಿದ ಅಂಗಡಿಯವನು ಮಾತ್ರ ಬೋರ್ಡಿನ ಕಡೆ ಬೆರಳು ತೋರಿಸಲಿಲ್ಲ.

ವಿಷಲ್

ಕಳೆದ ತಿಂಗಳು ಅಮ್ಮ ಊರಿಂದ ಬಂದಿದ್ದರು. ಅಡುಗೆಕಟ್ಟೆಯ ಮೇಲೆ ಹೊಸ ಪಾತ್ರೆ ಕಂಡಿತು. ಎರಡು ಪದರದ ಹಾಲಿನ ಕುಕ್ಕರು. ಪದರದ ನಡುವೆ ನೀರು ಹಾಕಿದರೆ ಹಾಲು ಉಕ್ಕುವುದಿಲ್ಲ, ಕಾದಾಗ ಕೂಗುತ್ತದೆ.

“ಹಾಲು ಕಾಯ್ಸೋಕೂ ವಿಷಲ್ ಬೇಕೇನೇ ನಿಂಗೆ?” ಎಂದರು ಅಮ್ಮ.

“ಅನ್ನ ಮಾಡೋಕೆ ನಿಂಗೂ ಬೇಕಲ್ಲಮ್ಮ. ಮೂರು ಕೂಗು ಕೂಗೋ ತನಕ ನೀನೂ ಟಿವಿ ಮುಂದಿಂದ ಏಳಲ್ಲ.”

ಅಮ್ಮ ನಕ್ಕರು. ಆಮೇಲೆ ಸೆರಗಿನ ತುದಿಯಿಂದ ಒಲೆಯನ್ನು ಸುಮ್ಮನೆ ಒಮ್ಮೆ ಒರೆಸಿ ನೋಡಿದರು. ಬರ್ನರಿನ ತೂತುಗಳಲ್ಲಿ ಕರಕಲು ಇರಲಿಲ್ಲ.

ಆ ರಾತ್ರಿ ಆಕೆ ಕ್ಯಾಲೆಂಡರಿನ ಚೌಕದಲ್ಲಿ ಗೀಟಿನ ಜೊತೆ ಒಂದು ಸಾಲನ್ನೂ ಬರೆದಳು: “ಹಾಲು ಉಕ್ಕಲಿಲ್ಲ. ಕೂಗಿದ್ದು ಕುಕ್ಕರು. ಎದ್ದು ಹೋಗಿ ಆರಿಸಿದ್ದು ನಾನು.”